ಅಪ್‌ಡೇಟ್: ಓವನ್ ಗಾಳಿಯಿಂದ ಟಾಲುಯಿನ್ ಕೊನೆಗೂ ಇಳಿಯಿತು

ಮೈಸೂರಿನ ಹೆಬ್ಬಾಳದ ನಮ್ಮ ಕೋಟಿಂಗ್ ಯೂನಿಟ್ಟಿನಲ್ಲಿ ಓವನ್ ಗಾಳಿಯನ್ನು 5 ಡಿಗ್ರಿಗೆ ತಣ್ಣಗೆ ಮಾಡಿದರೂ ಬರೀ ನೀರೇ ಬರುತ್ತಿದೆ, ಕೋಟಿಂಗ್ ಒಣಗುವಾಗ ಆವಿಯಾಗುವ ದ್ರಾವಕ ಟಾಲುಯಿನ್ ಒಂದು ಹನಿಯೂ ಇಲ್ಲ, ಯಾಕೆ ಅಂತ ಕೇಳಿದ್ದೆನಲ್ಲ? ಚಿಲ್ಲರ್ ಸರಿಯಾಗೇ ಇತ್ತು, ತಪ್ಪಿದ್ದು ನನ್ನ ಲೆಕ್ಕ. ಬೆಂಕಿ ಹತ್ತಬಾರದು ಅಂತ ಓವನ್ನಿನಲ್ಲಿ ಟಾಲುಯಿನ್ ಆವಿಯನ್ನು ಶೇಕಡ 0.3ರಷ್ಟೇ ಇಟ್ಟಿರುತ್ತೇವೆ, ಅಷ್ಟು ತೆಳು ಆವಿ ಮೈನಸ್ 15ರ ಹತ್ತಿರ ಹೋಗುವವರೆಗೂ ದ್ರವವಾಗುವುದೇ ಇಲ್ಲ.

ಈಗ ಗಾಳಿ ತಣಿಸುವ ಮೊದಲ ಕಾಯಿಲ್ 4 ಡಿಗ್ರಿಯಲ್ಲಿ ನೀರು ತೆಗೆಯುತ್ತದೆ, ಮುಂದಿನದು ಮೈನಸ್ 30. ಟಾಲುಯಿನ್ ಸುಮಾರು ಮೂರರಲ್ಲಿ ಎರಡು ಪಾಲು ಸಿಗುತ್ತಿದೆ. ಆದರೆ ಉಳಿದ ತೇವ ಹೆಪ್ಪುಗಟ್ಟಿ ಕಾಯಿಲ್ ಮುಚ್ಚಿಹೋಯಿತು, ಸುಮ್ನೆ ಅರ್ಧ ದಿನ ಹಾಳು! ಅದಕ್ಕೇ ಜೋಡಿ ಕಾಯಿಲ್: ಒಂದರ ಮೇಲಿನ ಐಸ್ ಕರಗುವಾಗ ಇನ್ನೊಂದು ಓಡುತ್ತದೆ. ಕರೆಂಟ್ ಬಿಲ್ ಜಾಸ್ತಿ, ಬಿಡಿ. ನಿನ್ನೆ ಗಾಜಿನ ಜಾರಿನಲ್ಲಿ ಹಿಡಿದು ನೋಡಿದೆ, ಕೆಳಗೆ ನೀರು, ಮೇಲೆ ಟಾಲುಯಿನ್, ನಡುವೆ ಗೆರೆ ಎಳೆದಂತೆ.