ಸೈನಿಕ ನೆಲೆ ಕೆಡವಿ ಟರ್ಮಿನಲ್: ಫ್ರಾಂಕ್‌ಫರ್ಟ್‌ನಲ್ಲಿ ಯಾವ ಚರಿತ್ರೆ ಉಳಿಯಿತು?

ರಘು, ಕುವೆಂಪುನಗರ

ನನ್ನ ತಮ್ಮ ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿನ ಏರ್‌ಪೋರ್ಟ್‌ನ ಮೂರನೇ ಟರ್ಮಿನಲ್ ಫೋಟೊ ಕಳಿಸಿ, 'ಈ ಜಾಗ ಮೊದಲು ಅಮೆರಿಕದ ಮಿಲಿಟರಿಯವರದು' ಅಂದ. ಅಲ್ಲಿಂದ ಶುರುವಾಯಿತು ನನ್ನ ಓದು. ಗೊತ್ತಾದದ್ದು ಇಷ್ಟು. ಅದು ರೈನ್-ಮೈನ್ ವಾಯುನೆಲೆ. 1945ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ ಈ ಏರ್‌ಫೀಲ್ಡ್ ಹಿಡಿಯಿತು, 2005ರ ಡಿಸೆಂಬರ್ ಕೊನೆಗೆ ಬಿಟ್ಟುಕೊಟ್ಟಿತು. 1959ರಿಂದ ಅಮೆರಿಕದವರು ಪೂರ್ತಿ ದಕ್ಷಿಣದ ಕಡೆಗೆ ಹೋದರು. ಉತ್ತರದಲ್ಲಿ ನಮ್ಮಂಥ ಪ್ರಯಾಣಿಕರು, ದಕ್ಷಿಣದಲ್ಲಿ ಸೈನಿಕರು, ಮಧ್ಯೆ ರನ್‌ವೇ. ನೆಲೆ ಮುಚ್ಚಿದ ಮೇಲೆ ಹೆಚ್ಚಿನ ಕಟ್ಟಡ ಕೆಡವಿದರು. 2019ರಲ್ಲಿ ಟರ್ಮಿನಲ್‌ಗೆ ಅಡಿಗಲ್ಲು ಹಾಕಿದರು.

ಇಷ್ಟು ದೊಡ್ಡ ಚರಿತ್ರೆ ಇರುವ ಜಾಗವನ್ನು ಹೀಗೆ ಅಳಿಸಿದ್ದು ಸರಿಯಾ? ಇಲ್ಲಿ ಹಳೇ ಕಟ್ಟಡದ ವಿಷಯಕ್ಕೆ ದಿನಾ ಜಗಳ ಆಡುವವರು ಇದ್ದೀರಲ್ಲ, ಹೇಳಿ.

ಪಾಂಡವಪುರದ ಪ್ರಕಾಶ

ಸರಿ. ಬಳಸದ ಜಾಗ, ಬೇಕಾದ ಟರ್ಮಿನಲ್. ಇದರಲ್ಲಿ ಚರ್ಚೆ ಏನಿದೆ?

ಸರಸ್ವತಿಪುರಂ ಮೇಷ್ಟ್ರು

ಪ್ರಕಾಶ್, ಚರ್ಚೆ ಇದೆ. ಸ್ವಲ್ಪ ತಾಳಿ.

ಆ ನೆಲೆಯ ಹೆಸರು ಚರಿತ್ರೆಯಲ್ಲಿ ಉಳಿದಿರುವುದು ಬರ್ಲಿನ್ ಏರ್‌ಲಿಫ್ಟ್‌ನಿಂದ, ಅಂದರೆ ಇಡೀ ಊರಿಗೆ ವಿಮಾನದಲ್ಲೇ ಸರಕು ಸಾಗಿಸಿದ ಕೆಲಸದಿಂದ. 1948ರ ಜೂನ್‌ನಲ್ಲಿ, ಸುತ್ತಲ ನೆಲ ಹಿಡಿದಿದ್ದ ಸೋವಿಯತ್ ಪಡೆಗಳು ಪಶ್ಚಿಮ ಬರ್ಲಿನ್‌ಗೆ ಹೋಗುವ ರಸ್ತೆ, ರೈಲು, ಕಾಲುವೆ ಎಲ್ಲ ಮುಚ್ಚಿದವು. ಒಳಗೆ 20 ಲಕ್ಷಕ್ಕೂ ಜಾಸ್ತಿ ಜನ. ಉಳಿದದ್ದು ಆಕಾಶದ ದಾರಿ ಒಂದೇ, ಅದೂ ತಲಾ 20 ಮೈಲಿ ಅಗಲದ ಮೂರು ಪಟ್ಟಿ. ರೈನ್-ಮೈನ್‌ನಿಂದ ಅಮೆರಿಕದ ವಿಮಾನಗಳು ದಕ್ಷಿಣದ ಪಟ್ಟಿ ಹಿಡಿದು ಹೋಗಿ, ಸರಕು ಇಳಿಸಿ, ಮಧ್ಯದ ಪಟ್ಟಿಯಲ್ಲಿ ವಾಪಸ್ ಬರುತ್ತಿದ್ದವು. ಎದುರುಬದುರು ಬರುವ ಮಾತೇ ಇಲ್ಲ. ಬರ್ಲಿನ್‌ನಲ್ಲಿ ಮೊದಲ ಸಲಕ್ಕೆ ಇಳಿಯಲು ಆಗಲಿಲ್ಲ ಅಂದರೆ ಸುತ್ತು ಹೊಡೆಯುವ ಹಾಗಿಲ್ಲ, ಸರಕು ಸಮೇತ ಹೊರಟ ಕಡೆಗೇ ವಾಪಸ್. ಏರ್‌ಲಿಫ್ಟ್ ನಡೆಸುತ್ತಿದ್ದ ಅಮೆರಿಕದ ಜನರಲ್ ಟನ್ನರ್ ತಂದ ನಿಯಮ ಇದು. 1949ರ ಸೆಪ್ಟೆಂಬರ್ ಹೊತ್ತಿಗೆ ಒಟ್ಟು 23 ಲಕ್ಷ ಟನ್ ಸಾಗಿಸಿದ್ದರು.

ಅದರಲ್ಲಿ ಮೂರರಲ್ಲಿ ಎರಡು ಪಾಲು ಏನು ಗೊತ್ತಾ? ಕಲ್ಲಿದ್ದಲು. ವಿಮಾನದಲ್ಲಿ ಕಲ್ಲಿದ್ದಲು ಹೊತ್ತವರು ಅವರು. ಮಕ್ಕಳಿಗೆ ಕರವಸ್ತ್ರದ ಪ್ಯಾರಾಚೂಟ್ ಕಟ್ಟಿ ಮಿಠಾಯಿ ಎಸೆದ ಪೈಲಟ್ ಗೇಲ್ ಹಾಲ್ವರ್ಸನ್ ಕೂಡ ರೈನ್-ಮೈನ್‌ನಿಂದಲೇ ಹಾರುತ್ತಿದ್ದದ್ದು. ಇಂಥ ಜಾಗ ಕೆಡವುವ ಮೊದಲು ನೂರು ಸಲ ಯೋಚಿಸಬೇಕಿತ್ತು.

ಪಾಂಡವಪುರದ ಪ್ರಕಾಶ

ಮೇಷ್ಟ್ರೇ, ಮಿಠಾಯಿ ಕಥೆ ಚೆನ್ನಾಗಿದೆ. ಆದರೆ ಅಮೆರಿಕದವರು ಬರ್ಲಿನ್ ಜನರ ಮೇಲಿನ ಪ್ರೀತಿಗೆ ಮಾತ್ರ ಅಷ್ಟೆಲ್ಲ ಮಾಡಿದರು ಅಂತ ನಾನು ನಂಬಲ್ಲ. ಬರ್ಲಿನ್ ಕೈಬಿಟ್ಟರೆ ಯುರೋಪ್ ಕೈಬಿಟ್ಟ ಹಾಗೆ ಅಂತ ಲೆಕ್ಕ ಹಾಕಿದ್ದರು. ದಿಗ್ಬಂಧನ 1949ರ ಮೇನಲ್ಲಿ ಮುಗಿಯಿತು. ನೆಲೆ 2005ರವರೆಗೂ ಇತ್ತು. ಉಪಕಾರಕ್ಕೆ ಬಂದ ನೆಂಟರು 60 ವರ್ಷ ಕೂರ್ತಾರಾ?

ಸರಸ್ವತಿಪುರಂ ಮೇಷ್ಟ್ರು

ಲೆಕ್ಕಾಚಾರ ಇಲ್ಲದ ರಾಜ್ಯ ಯಾವುದಿದೆ ಹೇಳಿ. ಲೆಕ್ಕ ಹಾಕಿಯೇ ಊಟ ಹಾಕಿರಲಿ, ಉಂಡವನ ಹೊಟ್ಟೆ ತುಂಬಿದ್ದು ಸುಳ್ಳಾಗುತ್ತದಾ? ಆ ಕೆಲಸದಲ್ಲಿ 31 ಅಮೆರಿಕನ್ನರು, 39 ಬ್ರಿಟಿಷರು ಸತ್ತರು. ಅದನ್ನೂ ಲೆಕ್ಕಾಚಾರ ಅನ್ನಬೇಡಿ.

ಎಚ್‌ಎಎಲ್ ನಿವೃತ್ತ, ವಿಜಯನಗರ

ಮೇಷ್ಟ್ರು ಪೈಲಟ್‌ಗಳ ಕಥೆ ಹೇಳಿದರು. ನಾನು ಮೆಕ್ಯಾನಿಕ್‌ಗಳ ಕಡೆಯವನು, ಅದಕ್ಕೆ ಎರಡು ಮಾತು.

ಮೊದಲು ಒಂದು ತಿದ್ದುಪಡಿ. ರೈನ್-ಮೈನ್ ಒಂದೇ ಅಲ್ಲ. ಪಕ್ಕದ ವೀಸ್‌ಬಾಡನ್‌ನಿಂದಲೂ ಹಾರುತ್ತಿದ್ದರು. ಉತ್ತರದಲ್ಲಿ ಬ್ರಿಟಿಷರ ವಲಯದ ಫಾಸ್‌ಬರ್ಗ್, ಸೆಲ್ಲೆ ನೆಲೆಗಳೂ ಇದ್ದವು. ಬರ್ಲಿನ್‌ಗೆ ಆ ಕಡೆಯಿಂದ ದಾರಿ ಹತ್ತಿರ.

ಎರಡನೆಯದು. ಶುರುವಿನಲ್ಲಿ ಇದ್ದದ್ದು ಸಿ-47, ಒಂದು ಸಲಕ್ಕೆ ಮೂರೂವರೆ ಟನ್ ಹೊರುವ ವಿಮಾನ. ಆಮೇಲೆ ಹತ್ತು ಟನ್ ಹೊರುವ ಸಿ-54 ಬಂದವು. ಅವು ಕಲ್ಲಿದ್ದಲು ಸಾಗಿಸಲು ಮಾಡಿದ ವಿಮಾನವೇ ಅಲ್ಲ. ಚೀಲದಲ್ಲಿ ಕಟ್ಟಿದರೂ ಕಲ್ಲಿದ್ದಲಿನ ಪುಡಿ, ಹಿಟ್ಟಿನ ಧೂಳು ಎಲ್ಲ ಕಡೆ ನುಗ್ಗಿತು. ಕೇಬಲ್, ವಿದ್ಯುತ್ ಕನೆಕ್ಷನ್ ಎಲ್ಲ ತಿಂದುಹಾಕಿತು. ಪ್ರತಿ 200 ಗಂಟೆ ಹಾರಾಟಕ್ಕೆ ದೊಡ್ಡ ತಪಾಸಣೆ. ಅಷ್ಟು ಕೆಲಸಕ್ಕೆ ಅಮೆರಿಕದವರ ಹತ್ತಿರ ಕೈಗಳೇ ಇರಲಿಲ್ಲ. ಆಗ ಟನ್ನರ್ ಏನು ಮಾಡಿದರು ಗೊತ್ತಾ? ಹಿಟ್ಲರನ ವಾಯುಪಡೆಯಲ್ಲಿ ಕೆಲಸ ಮಾಡಿದ್ದ ಜರ್ಮನ್ ಮೆಕ್ಯಾನಿಕ್‌ಗಳನ್ನೇ ಕೆಲಸಕ್ಕೆ ತೆಗೆದುಕೊಂಡರು, ಕೈಪಿಡಿಗಳನ್ನು ಜರ್ಮನ್‌ಗೆ ಅನುವಾದ ಮಾಡಿಸಿದರು. ಮೂರು ವರ್ಷದ ಹಿಂದೆ ಒಬ್ಬರಿಗೊಬ್ಬರು ಶತ್ರು. ಈಗ ಒಂದೇ ಇಂಜಿನ್ ಕೆಳಗೆ ನಿಂತು ಸ್ಪ್ಯಾನರ್ ತಿರುಗಿಸುತ್ತಿದ್ದಾರೆ. ಮಿಠಾಯಿಗಿಂತ ಈ ಕಥೆ ನನಗೆ ದೊಡ್ಡದು. ಇದನ್ನು ಯಾರೂ ಹೇಳಲ್ಲ.

ಸುಮಾ, ಶ್ರೀರಂಗಪಟ್ಟಣ

ಯಾರೂ ಹೇಳದ ಕಥೆ ಇನ್ನೊಂದಿದೆ ಸಾರ್. ಎಲ್ಲರೂ 1945ರಿಂದ ಶುರು ಮಾಡಿದಿರಿ. ಅದಕ್ಕೂ ಹಿಂದೆ ಆ ನೆಲದಲ್ಲಿ ಏನಿತ್ತು?

ಏರ್‌ಪೋರ್ಟ್ ಶುರುವಾದದ್ದು 1936ರ ಜುಲೈನಲ್ಲಿ, ನಾಜಿಗಳ ಕಾಲದಲ್ಲಿ. ದಕ್ಷಿಣದ ಭಾಗ ಜೆಪ್ಪೆಲಿನ್ ವಾಯುನೌಕೆಗಳಿಗೆ. ಹಿಂಡೆನ್‌ಬರ್ಗ್ ಅನ್ನುವ ವಾಯುನೌಕೆ ತನ್ನ ಕೊನೆಯ ಪ್ರಯಾಣಕ್ಕೆ 1937ರ ಮೇ 3ರಂದು ಹೊರಟದ್ದು ಇಲ್ಲಿಂದಲೇ. ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಸುಟ್ಟುಹೋಯಿತು. 1940ರಲ್ಲಿ ಉಳಿದ ಜೆಪ್ಪೆಲಿನ್‌ಗಳನ್ನು ಬಿಚ್ಚಿ ಅಲ್ಯೂಮಿನಿಯಂ ತೆಗೆದುಕೊಂಡರು. ಅದೇ ಮೇ 6ರಂದು ಅವುಗಳ ದೊಡ್ಡ ಹ್ಯಾಂಗರ್‌ಗಳಿಗೆ ಸಿಡಿಮದ್ದು ಇಟ್ಟು ಉರುಳಿಸಿದರು. ಅಂದರೆ ರಘು, ಅಲ್ಲಿ ಕೆಡವುವ ಕೆಲಸ 2005ರಲ್ಲಿ ಶುರುವಾದದ್ದಲ್ಲ.

ನಾನು ಹೇಳಬೇಕಾದದ್ದು ಇದಲ್ಲ. 1944ರ ಆಗಸ್ಟ್. ಜರ್ಮನ್ನರಿಗೆ ಮೆಸ್ಸರ್‌ಸ್ಮಿಟ್ 262 ಜೆಟ್ ವಿಮಾನ ಹಾರಿಸಲು ಕಾಂಕ್ರೀಟ್ ರನ್‌ವೇ ಬೇಕಿತ್ತು. ಅದಕ್ಕೆ ನಾಜಿಗಳ ಆಶ್ವಿಟ್ಸ್ ಶಿಬಿರದಿಂದ ಸುಮಾರು 1,700 ಜನ ಹಂಗೇರಿಯ ಯಹೂದಿ ಹೆಂಗಸರು, ಹುಡುಗಿಯರನ್ನು ತಂದರು. ಪಕ್ಕದ ವಾಲ್‌ಡಾರ್ಫ್ ಕಾಡಿನಲ್ಲಿ ಶಿಬಿರ. ಮರ ಕಡಿಯುವುದು, ಮಣ್ಣು ಅಗೆಯುವುದು, ಸಿಮೆಂಟ್ ಮೂಟೆ ಹೊರುವುದು. ನವೆಂಬರ್‌ನಲ್ಲಿ ಶಿಬಿರ ಮುಚ್ಚಿ ಉಳಿದವರನ್ನು ಬೇರೆ ಶಿಬಿರಗಳಿಗೆ ಸಾಗಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಬದುಕಿದ್ದವರು ತೀರಾ ಕಡಿಮೆ.

ಆಮೇಲೆ ಏನಾಯಿತು ಅಂದರೆ, ಏನೂ ಆಗಲಿಲ್ಲ. ಕಾಡು ಬೆಳೆಯಿತು. ಸುತ್ತಮುತ್ತಲ ಊರಿನವರು ಬಾಯಿ ಬಿಡಲಿಲ್ಲ. 1970ರ ದಶಕದ ಶುರುವಿನಲ್ಲಿ ಅದೇ ಊರಿನ ಕೆಲವು ಹುಡುಗರು ದಾಖಲೆ ಹುಡುಕಿ ಹೊರಗೆ ತೆಗೆದರು. ಸ್ಮಾರಕದ ಕಲ್ಲು ಬಂದದ್ದು 1978ರಲ್ಲಿ. ಏರ್‌ಲಿಫ್ಟ್‌ಗೆ ಬರ್ಲಿನ್‌ನಲ್ಲಿ 1951ರಲ್ಲೇ ಸ್ಮಾರಕ ಎದ್ದಿತ್ತು. ಮೇಷ್ಟ್ರೇ, ಯಾವ ಕಥೆಗೆ ಎಷ್ಟು ಬೇಗ ಕಲ್ಲು ಸಿಗುತ್ತದೆ ನೋಡಿ.

ಸರಸ್ವತಿಪುರಂ ಮೇಷ್ಟ್ರು

ಸುಮಾ, ಮನಸ್ಸು ಕಲಕಿತಮ್ಮ. ಆದರೆ ಒಂದು ಮಾತು. ಅದು ನಾಜಿಗಳ ಅಪರಾಧ. ಅಮೆರಿಕದ ನೆಲೆಯ ಚರಿತ್ರೆಗೆ ಅದನ್ನು ಸೇರಿಸುವುದು ನ್ಯಾಯವಾ? ಎರಡನ್ನೂ ಒಟ್ಟಿಗೆ ಕಲಸಿದರೆ ಬಿಡಿಸಲು ಬಂದವನೂ ಒಂದೇ, ಬಂಧಿಸಿದವನೂ ಒಂದೇ ಅಂತ ಆಗಿಬಿಡುತ್ತದೆ.

ಸುಮಾ, ಶ್ರೀರಂಗಪಟ್ಟಣ

ಕಲಸಿ ಅಂತ ನಾನು ಹೇಳಲಿಲ್ಲ ಮೇಷ್ಟ್ರೇ. ರಘು ಕೇಳಿದ್ದು ಅಮೆರಿಕದ ಬಗ್ಗೆ ಅಲ್ಲ, ಆ ಜಾಗದ ಬಗ್ಗೆ. ಜಾಗಕ್ಕೆ ಯಾರು ಆಳಿದರು ಅನ್ನುವ ಭೇದ ಇಲ್ಲ. ನಮ್ಮ ಶ್ರೀರಂಗಪಟ್ಟಣದ ಕೋಟೆಯನ್ನೇ ತೆಗೆದುಕೊಳ್ಳಿ. ವಿಜಯನಗರದವರು, ಒಡೆಯರು, ಹೈದರ್, ಟಿಪ್ಪು, ಆಮೇಲೆ 1799ರಿಂದ ಇಂಗ್ಲಿಷರು. ಗೈಡ್ ಇವರಲ್ಲಿ ಒಬ್ಬರನ್ನು ಬಿಟ್ಟು ಹೇಳಿದರೆ ನಾವೇ ಜಗಳ ತೆಗೆಯುತ್ತೇವೆ, ಅಲ್ವಾ?

ಪಾಂಡವಪುರದ ಪ್ರಕಾಶ

ಟಿಪ್ಪು ಹೆಸರು ಬಂತು. ಇನ್ನು ಈ ಥ್ರೆಡ್ ಮುಗೀತು 😀

ಅಡ್ಮಿನ್

ಟಿಪ್ಪು ವಿಷಯಕ್ಕೆ ಬೇರೆ ಥ್ರೆಡ್ ಇದೆ. ಇಲ್ಲಿ ಫ್ರಾಂಕ್‌ಫರ್ಟ್ ಮಾತ್ರ.

ಮಂದಕಳ್ಳಿ ಮಂಜ

ಎಲ್ಲರೂ ಸತ್ತವರ ಬಗ್ಗೆ ಮಾತಾಡಿದಿರಿ. ಏರ್‌ಪೋರ್ಟ್ ಪಕ್ಕ ಬದುಕಿದವರ ಬಗ್ಗೆ ನಾನು ಕೇಳ್ತೀನಿ.

ಅಲ್ಲೇ ಪಶ್ಚಿಮದ ರನ್‌ವೇ ಅಂತ ಒಂದಿದೆ. 1980–81ರಲ್ಲಿ ಅದಕ್ಕಾಗಿ ಕಾಡು ಕಡಿಯಲು ಹೊರಟಾಗ ಜನ ಮರಗಳ ನಡುವೆ ಗುಡಿಸಲು ಕಟ್ಟಿಕೊಂಡು ಕೂತರು. ಪೊಲೀಸರು ಎಬ್ಬಿಸಿದರು. ರನ್‌ವೇ 1984ರಲ್ಲಿ ಶುರುವಾಯಿತು. ಜಗಳ ಮಾತ್ರ ನಿಲ್ಲಲಿಲ್ಲ. 1987ರ ನವೆಂಬರ್ 2ರಂದು ಪ್ರತಿಭಟನೆಯಲ್ಲಿ ಇಬ್ಬರು ಪೊಲೀಸರು ಗುಂಡೇಟಿಗೆ ಸತ್ತರು. ಅದರ ನಡುವೆ 1985ರ ಆಗಸ್ಟ್‌ನಲ್ಲಿ ರೆಡ್ ಆರ್ಮಿ ಫ್ಯಾಕ್ಷನ್ ಅನ್ನುವ ಜರ್ಮನಿಯ ಎಡಪಂಥೀಯ ಉಗ್ರರ ಗುಂಪಿನವರು ನೆಲೆಯ ಒಳಗೇ ಕಾರ್ ಬಾಂಬ್ ಸಿಡಿಸಿದರು. ಇಬ್ಬರು ಸತ್ತರು. ಒಳಗೆ ಹೋಗಲು ಗುರುತಿನ ಚೀಟಿ ಬೇಕು ಅಂತ ಹಿಂದಿನ ರಾತ್ರಿ ಒಬ್ಬ ಸೈನಿಕನನ್ನು ಕೊಂದಿದ್ದರು. ಬರೀ ಒಂದು ಚೀಟಿಗೆ.

ನಮ್ಮ ಮೈಸೂರಿನ ಮಂದಕಳ್ಳಿ ಏರ್‌ಪೋರ್ಟ್ ಅಷ್ಟು ದೊಡ್ಡದಲ್ಲ ಬಿಡಿ. ರನ್‌ವೇ 1,740 ಮೀಟರ್. 2,750ಕ್ಕೆ ಉದ್ದ ಮಾಡಬೇಕು ಅಂತ ಯೋಜನೆ, ಅಡ್ಡಕ್ಕೆ ನಂಜನಗೂಡು ರಸ್ತೆ, ರೈಲು ಹಳಿ. ಜಮೀನು ಕೊಡುವವನಿಗೆ ಮಿಲಿಟರಿಯಾದರೂ ಅಷ್ಟೇ, ಟರ್ಮಿನಲ್ ಆದರೂ ಅಷ್ಟೇ. ಬೇಲಿ ಬಿದ್ದ ಮೇಲೆ ಒಳಗೆ ಯಾರು ಕೂತರೆ ಅವನಿಗೇನು?

ಎಚ್‌ಎಎಲ್ ನಿವೃತ್ತ, ವಿಜಯನಗರ

ಮಂಜ, ಅದು ಸರಿಯಾದ ಮಾತು. ಅದಕ್ಕೇ ನಾವು ಫ್ರಾಂಕ್‌ಫರ್ಟ್‌ಗೆ ಹೋಗುವ ಮೊದಲು ಬೆಂಗಳೂರನ್ನು ನೋಡಬೇಕು. ಅಡ್ಮಿನ್ ಬೈಯಬೇಡಿ, ವಿಷಯಕ್ಕೆ ಸಂಬಂಧ ಇದೆ.

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಈಗಿನ ಎಚ್‌ಎಎಲ್) ಶುರು ಮಾಡಿದಾಗ ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ. ಬಂಡವಾಳವನ್ನೂ ಹಾಕಿತು. 1943ರಲ್ಲಿ ಆ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು, 84ನೇ ಏರ್ ಡಿಪೊ ಅಂತ. ಪೂರ್ವದ ಯುದ್ಧರಂಗದಲ್ಲಿ ಹಾರುತ್ತಿದ್ದ ಸಿ-47, ಬಿ-25, ಕ್ಯಾಟಲಿನಾ ವಿಮಾನಗಳು ರಿಪೇರಿಗೆ ಇಲ್ಲಿಗೆ ಬರುತ್ತಿದ್ದವು. ಮೇಷ್ಟ್ರು ಹೇಳಿದ ಏರ್‌ಲಿಫ್ಟ್‌ನಲ್ಲಿ ಮೊದಲು ಹಾರಿದ್ದು ಇದೇ ಸಿ-47 ಜಾತಿ. ಯುದ್ಧ ಮುಗಿದ ಮೇಲೆ ಅದೇ ರನ್‌ವೇ ಬೆಂಗಳೂರಿನ ಏರ್‌ಪೋರ್ಟ್ ಆಯಿತು. 2008ರ ಮೇನಲ್ಲಿ ದೇವನಹಳ್ಳಿಗೆ ಹೋಗುವವರೆಗೆ ನಾವೆಲ್ಲ ವಿಮಾನ ಹತ್ತಿದ್ದು ಅಲ್ಲೇ. ಆಗ ಹತ್ತಿದವರಲ್ಲಿ ಎಷ್ಟು ಜನಕ್ಕೆ ಅಮೆರಿಕದ ಡಿಪೊ ವಿಷಯ ಗೊತ್ತಿತ್ತು? ಎಚ್‌ಎಎಲ್ ಮ್ಯೂಸಿಯಂ ಇದೆ, ಹೋಗಿ ನೋಡಿ. ವಿಮಾನದ ಮುಂದೆ ಸೆಲ್ಫಿ ತೆಗೆಯುವವರೇ ಜಾಸ್ತಿ.

ಪಾಂಡವಪುರದ ಪ್ರಕಾಶ

ನನ್ನ ಮಾತು ಇಷ್ಟೇ. ಕಟ್ಟಡ ಉಳಿಸಿದರೆ ಚರಿತ್ರೆ ಉಳಿಯುತ್ತದೆ ಅನ್ನುವುದು ಸುಮ್ನೆ ಮಾತು. ಎಚ್‌ಎಎಲ್ ರನ್‌ವೇ ಇವತ್ತಿಗೂ ಇದೆ, ಯಾರಿಗೂ ಕಥೆ ಗೊತ್ತಿಲ್ಲ. ವಾಲ್‌ಡಾರ್ಫ್‌ನಲ್ಲಿ ಒಂದು ಗೋಡೆಯೂ ಇರಲಿಲ್ಲ, ಆ ಹುಡುಗರು ಹುಡುಕಿ ತೆಗೆದರು. ಟರ್ಮಿನಲ್ ಕಟ್ಟಿದ್ದಕ್ಕೆ ಅಳಬೇಡಿ.

ಸರಸ್ವತಿಪುರಂ ಮೇಷ್ಟ್ರು

ಕಟ್ಟಡ ಇದ್ದರೆ ಕೇಳುವವನಾದರೂ ಹುಟ್ಟುತ್ತಾನೆ ಪ್ರಕಾಶ್. ಇದೇನು ಅಂತ ಮಗು ಬೆರಳು ತೋರಿಸಬೇಕಲ್ಲ? ನಾನು ಒಪ್ಪುವುದಿಲ್ಲ. ಸುಮಾ ಹೇಳಿದ್ದನ್ನು ಮಾತ್ರ ಇನ್ನೂ ಓದುತ್ತೇನೆ.

ರಘು, ಕುವೆಂಪುನಗರ

ನಾನು ಮುಂದಿನ ವರ್ಷ ತಮ್ಮನ ಮನೆಗೆ ಹೋಗುವವನಿದ್ದೇನೆ. ಇದನ್ನೆಲ್ಲ ನೋಡಲು ಏನಾದರೂ ಇದೆಯಾ? ಟರ್ಮಿನಲ್ ಒಳಗೆ ಸುತ್ತಿದರೆ ಸಿಗುತ್ತಾ?

ಎಚ್‌ಎಎಲ್ ನಿವೃತ್ತ, ವಿಜಯನಗರ

ಏರ್‌ಲಿಫ್ಟ್ ಸ್ಮಾರಕ ಟರ್ಮಿನಲ್ ಒಳಗಿಲ್ಲ. ಎ-5 ಹೆದ್ದಾರಿಯ ಪಕ್ಕ ಇದೆ. ಬರ್ಲಿನ್‌ನಲ್ಲಿರುವ ಸ್ಮಾರಕದ ಜೋಡಿ, 1985ರಲ್ಲಿ ನಿಲ್ಲಿಸಿದ್ದು. ಪಕ್ಕದಲ್ಲೇ ಒಂದು ಸಿ-47, ಒಂದು ಸಿ-54 ನಿಲ್ಲಿಸಿದ್ದಾರೆ. ಸಿ-54 ಹೊಟ್ಟೆಯ ಕೆಳಗೆ ನಿಂತು ಒಂದು ಫೋಟೊ ತೆಗೆದು ಕಳಿಸಿ, ಮುಖ ಬೇಡ, ಲ್ಯಾಂಡಿಂಗ್ ಗೇರ್ ಕಾಣಬೇಕು. ಹತ್ತಿರದ ಜೆಪ್ಪೆಲಿನ್‌ಹೈಮ್‌ನಲ್ಲಿ ವಾಯುನೌಕೆಗಳ ಮ್ಯೂಸಿಯಂ ಇದೆ.

ಸುಮಾ, ಶ್ರೀರಂಗಪಟ್ಟಣ

ವಾಲ್‌ಡಾರ್ಫ್‌ಗೂ ಹೋಗಿ ರಘು. ಶಿಬಿರ ಇದ್ದ ಕಾಡಿನಲ್ಲಿ ಫಲಕಗಳನ್ನು ಹಾಕಿದ ಒಂದು ಕಾಲುದಾರಿ ಇದೆ. ಅಡುಗೆ ಬ್ಯಾರಕ್ಕಿನ ನೆಲಮಾಳಿಗೆಯನ್ನು ಯುವಕರೇ ಅಗೆದು ತೆಗೆದಿದ್ದಾರೆ. ಏರ್‌ಲಿಫ್ಟ್ ಸ್ಮಾರಕಕ್ಕೆ ಅರ್ಧ ಗಂಟೆ ಸಾಕು, ಇದಕ್ಕೆ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ತಮ್ಮನನ್ನೂ ಕರೆದುಕೊಂಡು ಹೋಗಿ, ಅಲ್ಲೇ ಇದ್ದೂ ನೋಡಿರಲ್ಲ.

ರಘು, ಕುವೆಂಪುನಗರ

ಕೇಳಿದೆ ಅಕ್ಕ. ನೋಡಿಲ್ಲವಂತೆ. ದಿನಾ ಆ ಹೆದ್ದಾರಿಯಲ್ಲೇ ಆಫೀಸಿಗೆ ಹೋಗುತ್ತಾನೆ. ಆ ಎರಡು ವಿಮಾನ ಯಾವುದೋ ಶೋರೂಮಿನವರು ನಿಲ್ಲಿಸಿದ್ದು ಅಂದುಕೊಂಡಿದ್ದನಂತೆ.

ಪಾಂಡವಪುರದ ಪ್ರಕಾಶ

ಮೇಷ್ಟ್ರೇ, ಬೆರಳು ತೋರಿಸುವ ಮಗು ಸಿಕ್ಕಿತು ನೋಡಿ!