ಮನೆಮಂದಿ ಗುಂಪಿನಲ್ಲಿ ಸುಟೇಖ್ ಜಗಳ

ಅಕ್ಕ: [ವಿಡಿಯೊ] ಬ್ರಿಟಿಷ್ ಟಿವಿ ಧಾರಾವಾಹಿ ಡಾಕ್ಟರ್ ಹೂನಲ್ಲಿ ಹಳೆಯ ಖಳನಾಯಕ ಸುಟೇಖ್ ವಾಪಸ್ ಬರುವ ದೃಶ್ಯ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ. 1975ರಲ್ಲಿ ದನಿ ಕೊಟ್ಟಿದ್ದ ಗೇಬ್ರಿಯಲ್ ವುಲ್ಫ್ ಅವರೇ 2024ರಲ್ಲೂ ಕೊಟ್ಟಿದ್ದಾರೆ. ಆಗ ಅವರಿಗೆ 91 ವರ್ಷ! ಮೈ ಜುಮ್ ಅನ್ನುತ್ತದೆ.

ನಾನು: ದನಿಯ ಬಗ್ಗೆ ಎರಡು ಮಾತಿಲ್ಲ ಅಕ್ಕ. ಅವನು ಬಂದ ದಾರಿ ಮಾತ್ರ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಅಷ್ಟೂ ವರ್ಷ ಕಥಾನಾಯಕ ಡಾಕ್ಟರ್ ಕಾಲದಲ್ಲಿ ಓಡಾಡುವ ಪೆಟ್ಟಿಗೆಯಾದ ಟಾರ್ಡಿಸ್‌ಗೆ ಅಂಟಿಕೊಂಡೇ ಇದ್ದನಂತೆ. ಡಾಕ್ಟರ್ ಇಳಿದ ಕಡೆಯೆಲ್ಲ ಅವನೂ ಇದ್ದನಂತೆ.

ಪುಟ್ಟಿ: ನಾನು ಹಳೆಯದು ನೋಡಿಲ್ಲ. ಅದರಲ್ಲಿ ಹೇಗೆ ಸತ್ತ? ಕಥೆ ಗೊತ್ತಾದರೂ ಪರವಾಗಿಲ್ಲ, ಹೇಳಿ.

ನಾನು: ಕಥೆ 1911ರಲ್ಲಿ ನಡೆಯುತ್ತದೆ. ಸುಟೇಖ್ ಓಸಿರನ್ ಎಂಬ ಅನ್ಯಗ್ರಹದ ಕುಲದವನು. ಜೀವ ಇರುವುದೆಲ್ಲ ತನ್ನ ವೈರಿ ಅಂತ ತಿಳಿದವನು. ಅದೇ ಕುಲದ ಹೋರಸ್ ಮತ್ತು 740 ಓಸಿರನ್‌ಗಳು ಸೇರಿ ಅವನನ್ನು ಈಜಿಪ್ಟಿನ ಪಿರಮಿಡ್ ಕೆಳಗೆ ಕಟ್ಟಿಹಾಕಿರುತ್ತಾರೆ. ಅವನನ್ನು ಹಿಡಿದಿಡುವ ಶಕ್ತಿ ಬರುವುದು ಮಂಗಳ ಗ್ರಹದಿಂದ. ಕೊನೆಯಲ್ಲಿ ಆ ಶಕ್ತಿ ಕಳಿಸುವ ಸಾಧನವೇ ಒಡೆದುಹೋಗುತ್ತದೆ. ಎಲ್ಲ ಮುಗಿಯಿತು ಅನ್ನುವಾಗ ಡಾಕ್ಟರ್‌ಗೆ ಹೊಳೆಯುತ್ತದೆ: ಮಂಗಳದಿಂದ ರೇಡಿಯೊ ಅಲೆ ಭೂಮಿಗೆ ಬರಲು ಎರಡು ನಿಮಿಷ ಬೇಕು. ಅಲ್ಲಿಯವರೆಗೆ ಸುಟೇಖ್ ಕಟ್ಟಿನಲ್ಲೇ ಇರುತ್ತಾನೆ! ಓಡಿಬಂದು ಟಾರ್ಡಿಸ್‌ನ ಕಾಲ ನಿಯಂತ್ರಿಸುವ ಭಾಗ ಕಿತ್ತು, ಅವನು ಬರಬೇಕಾದ ಸುರಂಗಕ್ಕೆ ಜೋಡಿಸುತ್ತಾನೆ. ಸುರಂಗದ ಈಚೆ ಬಾಯಿ ಸಾವಿರಾರು ವರ್ಷ ಮುಂದಕ್ಕೆ ಸರಿದುಬಿಡುತ್ತದೆ. ಸುಟೇಖ್ ಅದರೊಳಗೆ ಬರುತ್ತಾ ಬರುತ್ತಾ ಮುದಿಯಾಗಿ ಸಾಯುತ್ತಾನೆ. ಎಂಥಾ ಕೊನೆ ಅಲ್ವಾ!

ಮಾವ: ಆ ಎರಡು ನಿಮಿಷವೇ ತಪ್ಪು ಕಣೋ. ಮಂಗಳ ತೀರಾ ಹತ್ತಿರ ಬಂದರೂ ಸುಮಾರು ಐದೂವರೆ ಕೋಟಿ ಕಿಲೋಮೀಟರ್ ದೂರ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ. ಭಾಗಿಸಿ ನೋಡು, ಮೂರು ನಿಮಿಷ ದಾಟುತ್ತದೆ.

ಮಾವ: ಇನ್ನೊಂದು. ಅದೇ ಕಥೆಯಲ್ಲಿ ಡಾಕ್ಟರ್ ಜೊತೆಗಾತಿ ಸಾರಾ ಜೇನ್ ತಾನು 1980ರವಳು ಅನ್ನುತ್ತಾಳೆ. 1983ರಲ್ಲಿ ಬಂದ ಕಥೆ ನೋಡಿದರೆ ಡಾಕ್ಟರ್ ಗೆಳೆಯ ಬ್ರಿಗೇಡಿಯರ್ 1977ಕ್ಕೇ ಸೈನ್ಯ ಬಿಟ್ಟು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾರೆ. ಅವಳು ಸೈನ್ಯದಲ್ಲಿದ್ದ ಬ್ರಿಗೇಡಿಯರ್ ಜೊತೆ ಓಡಾಡಿದವಳು! ಹಳೆಯದರಲ್ಲೇ ಇಷ್ಟು ತೂತಿದೆ. ಹೊಸದನ್ನು ಮಾತ್ರ ಯಾಕೆ ಹಿಡಿದು ಬೈಯುತ್ತೀಯ?

ನಾನು: ಇಸವಿ ಹೆಚ್ಚುಕಮ್ಮಿ ಆದರೆ ನನಗೆ ಬೇಜಾರಿಲ್ಲ ಮಾವ. ಎರಡರ ಬದಲು ಮೂರು ನಿಮಿಷ ಅಂದರೆ ಡಾಕ್ಟರ್‌ಗೆ ಒಂದು ನಿಮಿಷ ಜಾಸ್ತಿ ಸಿಗುತ್ತದೆ, ಕಥೆ ಹಾಗೇ ನಿಲ್ಲುತ್ತದೆ. ಆದರೆ ಸುಟೇಖ್ ಸತ್ತೇ ಇರಲಿಲ್ಲ ಅಂದರೆ ಕಥೆಯ ಕೊನೆಯೇ ಹೋಯಿತಲ್ಲ. ಅದೇ ಹಳೆಯ ಕಥೆಯ ಲಾರೆನ್ಸ್ ಸ್ಕಾರ್ಮನ್‌ನನ್ನು ನೆನೆಸಿಕೊಳ್ಳಿ. ತನ್ನ ಒಡಹುಟ್ಟಿದವನನ್ನು ಸುಟೇಖ್ ಕೈಗೊಂಬೆ ಮಾಡಿಕೊಂಡಿದ್ದರೂ, ಒಳಗೆ ಅವನಿನ್ನೂ ಉಳಿದಿದ್ದಾನೆ ಅಂತ ನಂಬಿ ಹತ್ತಿರ ಹೋಗುತ್ತಾನೆ. ಅವನ ಕೈಯಲ್ಲೇ ಸಾಯುತ್ತಾನೆ. ಆ ಸಾವಿಗೆ ಸಿಕ್ಕಿದ್ದು ಆ ಗೆಲುವೊಂದೇ. ಅದನ್ನು ಕಿತ್ತುಕೊಳ್ಳಬಾರದಿತ್ತು.

ಅಕ್ಕ: ಟಾರ್ಡಿಸ್‌ನ ಭಾಗವನ್ನೇ ಸುರಂಗಕ್ಕೆ ಜೋಡಿಸಿದ ಅಂತ ಈಗ ತಾನೇ ಹೇಳಿದೆ. ಅಂದಮೇಲೆ ಸುಟೇಖ್ ಟಾರ್ಡಿಸ್ ಹಿಡಿದುಕೊಂಡ ಅನ್ನುವುದು ಆಕಾಶದಿಂದ ಉದುರಿದ್ದಲ್ಲ. ಎಳೆ ಅಲ್ಲೇ ಇತ್ತು.

ಪುಟ್ಟಿ: ಹಾಗಾದರೆ ಅಕ್ಕ, 2005ರಲ್ಲಿ ಡಾಕ್ಟರ್ ಜೊತೆಗಿದ್ದ ರೋಸ್ ತನ್ನ ಅಪ್ಪನನ್ನು ಉಳಿಸುವ ಕಥೆ ಇದೆಯಲ್ಲ? ಡಾಕ್ಟರ್ ಟಾರ್ಡಿಸ್ ಬಾಗಿಲು ತೆಗೆದರೆ ಒಳಗೆ ಏನೂ ಇಲ್ಲ, ಬರೀ ಖಾಲಿ ಪೆಟ್ಟಿಗೆ. ಆಗ ಸುಟೇಖ್ ಎಲ್ಲಿದ್ದ? 2023ರಲ್ಲಿ ಸುತ್ತಿಗೆಯಿಂದ ಹೊಡೆದಾಗ ಟಾರ್ಡಿಸ್ ಎರಡಾಯಿತು. ಯಾವುದರ ಮೇಲಿದ್ದ?

ಅಕ್ಕ: ಅವನು ಇದ್ದದ್ದು ಪೆಟ್ಟಿಗೆಯ ಹೊರಗೆ ಪುಟ್ಟಿ. ಒಳಗೆ ಖಾಲಿ ಇದ್ದರೆ ಅವನಿಗೇನು? ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ಚಿಕ್ಕಮ್ಮ: ನಾನು ಬೇರೆ ದೂರು ಹೇಳುತ್ತೇನೆ. ಈಜಿಪ್ಟಿನವರ ಸೆತ್ ದೇವರೇ ಈ ಸುಟೇಖ್. ಅವನು ಮರುಭೂಮಿ, ಬಿರುಗಾಳಿಯ ದೇವರು. ಸತ್ತವರನ್ನು ನೋಡಿಕೊಳ್ಳುವವನು ಅನುಬಿಸ್, ನರಿಮುಖದವನು. ಸೆತ್‌ನ ಮುಖ ಯಾವ ಪ್ರಾಣಿಯದು ಅಂತ ಪಂಡಿತರಿಗೂ ಬಗೆಹರಿದಿಲ್ಲ. ಸೂರ್ಯ ದೇವರು ರಾ ರಾತ್ರಿ ದೋಣಿಯಲ್ಲಿ ಹೋಗುವಾಗ ಮುಂದೆ ನಿಂತು ಅಪೆಪ್ ಎಂಬ ಮಹಾಸರ್ಪವನ್ನು ತಿವಿಯುವವನೂ ಇದೇ ಸೆತ್. 2024ರಲ್ಲಿ ಅವನನ್ನು ಸಾವಿನ ದೇವರು ಮಾಡಿ ದೊಡ್ಡ ನಾಯಿಯ ರೂಪ ಕೊಟ್ಟರು. ಆದರೂ ಹಳೆಯ ಪಾತ್ರವನ್ನು ತಿದ್ದಲೇಬಾರದು ಅಂತ ನಾನು ಹೇಳಲ್ಲ. ನಮ್ಮ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಲಿಲ್ಲವಾ?

ನಾನು: ಪಂಪ ತನ್ನದೇ ಕಾವ್ಯ ಬರೆದ ಚಿಕ್ಕಮ್ಮ. ವ್ಯಾಸರ ಕಥೆಯಲ್ಲೂ ನಡೆದದ್ದು ಹೀಗೇ, ನೀವು ಓದಿದ್ದೇ ಸುಳ್ಳು ಅಂತ ಹೇಳಲಿಲ್ಲ. ಇಲ್ಲಿ ಅದನ್ನೇ ಹೇಳುತ್ತಿದ್ದಾರೆ.

ನಾನು: ಇನ್ನೂ ದೊಡ್ಡ ಮಾತು ಅಂದರೆ ಅವನ ಭಯ ಎಲ್ಲಿಂದ ಹುಟ್ಟುತ್ತಿತ್ತು ಅನ್ನುವುದು. 1975ರಲ್ಲಿ ಅವನು ಕುರ್ಚಿಯಲ್ಲಿ ಕೂತಲ್ಲೇ ಕೂತಿರುತ್ತಾನೆ. ಮುಖಕ್ಕೆ ಮುಖವಾಡ. ಅಲುಗಾಡಲು ಆಗುವುದಿಲ್ಲ. ಅಷ್ಟಾದರೂ ಡಾಕ್ಟರ್‌ನನ್ನು ಮಂಡಿ ಊರಿಸುತ್ತಾನೆ. ಕೂಗುವುದೂ ಇಲ್ಲ, ಮೆತ್ತಗೆ ಮಾತಾಡುತ್ತಾನೆ. 2024ರಲ್ಲಿ ಇಡೀ ವಿಶ್ವವನ್ನು ಬೂದಿ ಮಾಡಿದ. ಕೊನೆಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋದಾಗ ಸತ್ತವರೆಲ್ಲ ಎದ್ದು ಬಂದರು. ಎಲ್ಲರೂ ಸತ್ತು ಎಲ್ಲರೂ ಬಂದರೆ ಯಾರಿಗಾಗಿ ಅಳಬೇಕು? ಲಾರೆನ್ಸ್ ಒಬ್ಬನ ಸಾವು ಅದಕ್ಕಿಂತ ಜಾಸ್ತಿ ತಟ್ಟುತ್ತದೆ.

ಅಕ್ಕ: ಸ್ವಲ್ಪ ತಡಿ. ಹಳೆಯ ಸುಟೇಖ್ ಜೀವಗಳನ್ನು ಯಾಕೆ ಕೊಲ್ಲುತ್ತಿದ್ದ? ಮುಂದೊಂದು ದಿನ ಯಾರಾದರೂ ತನ್ನನ್ನು ಮೀರಿಸಬಹುದು ಅನ್ನುವ ಹೆದರಿಕೆಗೆ. ಹೊಸದರಲ್ಲಿ ಡಾಕ್ಟರ್‌ನನ್ನೂ ಜೊತೆಗಾತಿ ರೂಬಿಯನ್ನೂ ಯಾಕೆ ಕೊಲ್ಲದೆ ಬಿಟ್ಟ? ರೂಬಿಯ ತಾಯಿ ಯಾರು ಅಂತ ಅವನಿಗೆ ಕಾಣುತ್ತಿಲ್ಲ, ಅದಕ್ಕೆ. ತನಗೆ ಕಾಣದ್ದು ಒಂದಿದೆ ಅನ್ನುವುದನ್ನು ಅವನಿಗೆ ತಡೆದುಕೊಳ್ಳಲು ಆಗುವುದಿಲ್ಲ. ಕೊನೆಗೆ ಆಕೆ ಒಬ್ಬ ಸಾಮಾನ್ಯ ಹೆಂಗಸು! ಮೈ ದೊಡ್ಡದಾಗಿರಬಹುದು, ಮನಸ್ಸು ಅದೇ ಸುಟೇಖ್‌ನದು.

ನಾನು: ಇದು ಗಟ್ಟಿ ಮಾತು ಅಕ್ಕ. ಆ ಎಳೆಯನ್ನೇ ಹಿಡಿದು ಇಡೀ ಕಥೆ ಬರೆದಿದ್ದರೆ ನಾನು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದೆ.

ಮಾವ: ಸರಿ, ನೀನಾಗಿದ್ದರೆ ಅವನನ್ನು ಹೇಗೆ ತರುತ್ತಿದ್ದೆ?

ನಾನು: ಇದು ಕಾಲದಲ್ಲಿ ಓಡಾಡುವವನ ಕಥೆ ಮಾವ. ಸತ್ತವನನ್ನು ಎಬ್ಬಿಸುವ ಅಗತ್ಯವೇ ಇಲ್ಲ. ಹೋರಸ್ ಅವನನ್ನು ಕಟ್ಟಿಹಾಕುವುದಕ್ಕೂ ಮುಂಚಿನ ಈಜಿಪ್ಟಿಗೆ ಡಾಕ್ಟರ್ ಹೋದರೆ ಸಾಕು. ಅದೇ ದನಿ, ಅದೇ ಸುಟೇಖ್, ಕಟ್ಟಿಲ್ಲದ ಸುಟೇಖ್. 1911ರ ಗೆಲುವು ಹಾಗೇ ಉಳಿಯುತ್ತದೆ.

ಅಕ್ಕ: ಕೊನೆಗೆ ಸಾಯುತ್ತಾನೆ ಅಂತ ಗೊತ್ತಿದ್ದರೆ ಏನು ಭಯ?

ನಾನು: 2008ರಲ್ಲಿ ಪಾಂಪೇ ಕಥೆ ನೋಡಿದೆಯಲ್ಲ. ಜ್ವಾಲಾಮುಖಿಗೆ ಊರು ಸುಟ್ಟುಹೋಗುತ್ತದೆ ಅಂತ ನೋಡುವವರಿಗೆಲ್ಲ ಮೊದಲೇ ಗೊತ್ತಿತ್ತು. ಆದರೂ ಡಾಕ್ಟರ್ ಜೊತೆಗಿದ್ದ ಡೋನಾ ಒಂದು ಸಂಸಾರವನ್ನಾದರೂ ಉಳಿಸು ಅಂತ ಬೇಡಿಕೊಂಡಾಗ ನೀನೇ ಅತ್ತಿದ್ದೆ. ಸುಟೇಖ್ ಸಾಯುತ್ತಾನೆ, ನಿಜ. ಅದಕ್ಕೂ ಮುಂಚೆ ಅವನ ಎದುರಿಗೆ ಸಿಕ್ಕವರು?

ಪುಟ್ಟಿ: ನಾನು ಹಳೆಯದು ನೋಡಲು ಕೂರುತ್ತೇನೆ. 2024ರಲ್ಲಿ ಗ್ರಾಫಿಕ್ಸ್ ಬದಲಿಸಿ ಚಿಕ್ಕದು ಮಾಡಿದ್ದಾರಲ್ಲ, ಅದು ಸಾಕಾ?

ನಾನು: ಬೇಡ. ನಾಲ್ಕು ಭಾಗದ ಮೂಲವನ್ನೇ ನೋಡು. ಸುಟೇಖ್ ಕುರ್ಚಿಯಿಂದ ಏಳುವಾಗ ಹಿಂದಿನಿಂದ ಯಾರದೋ ಕೈ ದಿಂಬನ್ನು ಒತ್ತಿ ಹಿಡಿದಿರುವುದು ಕಾಣುತ್ತದೆ. ಅದು ಕಂಡ ಮೇಲೂ ಅವನ ದನಿಗೆ ಹೆದರಿಕೆ ಆಗುತ್ತದಾ ನೋಡಿ, ಇಲ್ಲೇ ಬಂದು ಹೇಳು.

ಅಕ್ಕ: ಆಮೇಲೆ ಹೊಸದನ್ನೂ ಇನ್ನೊಂದು ಸಲ ನೋಡು ಪುಟ್ಟಿ. ಇವನ ಮಾತು ಕೇಳಿ ಮೊದಲೇ ತೀರ್ಮಾನ ಮಾಡಬೇಡ.