ಅಪ್ಪನ ಬೈಪಾಸ್: ಶೇ 2 ಅಪಾಯ ಎಂದರೆ ಏನು?

ಪ್ರಶ್ನೆ (ಸಿಂಧನೂರು): ಡಾಕ್ಟರೇ, ಅಪ್ಪನಿಗೆ 64 ವರ್ಷ, ತೂಕ 60 ಕೆ.ಜಿ. ಎರಡು ತಿಂಗಳ ಹಿಂದೆ ಹೃದಯಾಘಾತವಾಗಿತ್ತು. ಆಂಜಿಯೋಗ್ರಾಂನಲ್ಲಿ ಮೂರು ಬ್ಲಾಕ್, ಎಕೋದಲ್ಲಿ ಹೃದಯದ ಪಂಪಿಂಗ್ ಶೇ 40, ಕಿಡ್ನಿಯ ಸ್ಥಿತಿ ತಿಳಿಸುವ ರಕ್ತಪರೀಕ್ಷೆಯಲ್ಲಿ ಕ್ರಿಯೇಟಿನಿನ್ 1.8. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಾರೆ. ಬೈಪಾಸ್ ಆಗಬೇಕು, ಜೀವಕ್ಕೆ ಅಪಾಯ ಶೇ 2ರ ಆಸುಪಾಸು ಎಂದಿದ್ದಾರೆ. ಅಮ್ಮ ಅಂದಿನಿಂದ ಊಟ ಬಿಟ್ಟಿದ್ದಾರೆ. ಈ ಲೆಕ್ಕ ಎಲ್ಲಿಂದ ಬಂತು?

ಉತ್ತರ (ಹೃದಯ ಶಸ್ತ್ರಚಿಕಿತ್ಸಕ, ರಾಯಚೂರು): ಮೊದಲು ಅಮ್ಮನಿಗೆ ಊಟ ಮಾಡಿಸಿ. ಇದು ಬಹುಶಃ ಯೂರೋಸ್ಕೋರ್ 2 ಎಂಬ ಲೆಕ್ಕ. 2010ರಲ್ಲಿ 43 ದೇಶಗಳಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದ 22,000ಕ್ಕೂ ಹೆಚ್ಚು ಜನರ ವಿವರ ನೋಡಿ ಕಟ್ಟಿದ್ದು. ಆಪರೇಷನ್ ಬಳಿಕ ಆಸ್ಪತ್ರೆಯಲ್ಲಿಯೇ ಸಾವು ಸಂಭವಿಸುವ ಸಾಧ್ಯತೆಯನ್ನು ಅದು ಅಂದಾಜಿಸುತ್ತದೆ.

ಭತ್ತದ ಬೀಜದ ಚೀಲದ ಮೇಲೆ ಮೊಳಕೆ ಪ್ರಮಾಣ ಬರೆದಿರುತ್ತದಲ್ಲ? ಅದು ಚೀಲದ ಮಾತು. ನಿಮ್ಮ ಅಂಗೈಯಲ್ಲಿರುವ ಒಂದು ಕಾಳಿನ ಮಾತಲ್ಲ. ಇದೂ ಹಾಗೆಯೇ.

ನಿಮ್ಮ ತಂದೆಯ ಲೆಕ್ಕದಲ್ಲಿ ಅತಿ ಭಾರವಾದದ್ದು ಹೃದಯವಲ್ಲ, ಕಿಡ್ನಿ. ವಯಸ್ಸು, ತೂಕ, ಕ್ರಿಯೇಟಿನಿನ್ ಸೇರಿಸಿದರೆ ಕಿಡ್ನಿ ರಕ್ತವನ್ನು ಸೋಸುವ ಪ್ರಮಾಣ ನಿಮಿಷಕ್ಕೆ ಸುಮಾರು 35 ಮಿ.ಲೀ. ಬರುತ್ತದೆ. 50ಕ್ಕಿಂತ ಕೆಳಗಿಳಿದರೆ, ಇತ್ತೀಚಿನ ಹೃದಯಾಘಾತಕ್ಕಿಂತ ಹಲವು ಪಟ್ಟು ತೂಕ ಅದಕ್ಕೇ ಬೀಳುತ್ತದೆ. ಆಂಜಿಯೋಗ್ರಾಂನ ಬಣ್ಣದ ಔಷಧದಿಂದಲೂ ಕ್ರಿಯೇಟಿನಿನ್ ಏರಿರಬಹುದು. ಮತ್ತೊಮ್ಮೆ ಪರೀಕ್ಷಿಸಲು ಕೇಳಿ. ಮೊಣಕಾಲು ನೋವಿಗೆಂದು ಮೆಡಿಕಲ್ ಶಾಪಿನಿಂದ ತಾವೇ ತರುವ ಗುಳಿಗೆ ಇದ್ದರೆ ಇಂದೇ ವೈದ್ಯರಿಗೆ ತಿಳಿಸಿ, ಅದೂ ಕಿಡ್ನಿಗೆ ಪೆಟ್ಟು ಕೊಡಬಹುದು. ಈ ವಿಷಯವನ್ನು ಯಾರೂ ಹೇಳುವುದಿಲ್ಲ, ನಾವು ಕೆದಕಿ ಕೇಳಬೇಕಾಗುತ್ತದೆ.

ಸಕ್ಕರೆ ಕಾಯಿಲೆ ಈ ಲೆಕ್ಕಕ್ಕೆ ಸೇರುವುದು ಇನ್ಸುಲಿನ್ ಮೇಲಿದ್ದರೆ ಮಾತ್ರ. ರಕ್ತಹೀನತೆಗೆ ಇದರಲ್ಲಿ ಜಾಗವೇ ಇಲ್ಲ. ಆದರೂ ನಾನು ಹಿಮೋಗ್ಲೋಬಿನ್ ನೋಡದೆ ದಿನಾಂಕ ಕೊಡುವುದಿಲ್ಲ.

ಪ್ರಶ್ನೆ: ಹೃದಯಾಘಾತವಾಗಿ 90 ದಿನ ದಾಟಿದರೆ ಅಂಕ ಇಳಿಯುತ್ತದಂತೆ. ಇನ್ನೊಂದು ತಿಂಗಳು ತಳ್ಳೋಣವೇ? ಅಷ್ಟರಲ್ಲಿ ಕೊಯ್ಲೂ ಮುಗಿಯುತ್ತದೆ.

ಉತ್ತರ: ಇಳಿಯುವುದು ನಿಜ, ತೀರಾ ಅಲ್ಪ. ಆದರೆ ಕಾಯುವಾಗ ಮತ್ತೊಂದು ಆಘಾತವಾದರೆ ಎನ್ನುವ ಅಪಾಯ ಆ ಅಂಕದಲ್ಲಿ ಇಲ್ಲ. ಕಿಡ್ನಿ ಸುಧಾರಿಸಲೆಂದು ನಿಮ್ಮ ಸರ್ಜನ್ ತಡೆಯಲು ಹೇಳಿದರೆ ತಡೆಯಿರಿ, ಕೊಯ್ಲಿಗಾಗಿ ಬೇಡ. ಕುಳಿತಲ್ಲೇ ಎದೆ ನೋವು ಬಂದರೆ ದಿನಾಂಕ ನೋಡದೆ ಆಸ್ಪತ್ರೆಗೆ ಕರೆದೊಯ್ಯಿರಿ.